ಕೂತ ಚೆಂಡಿಗೆ ಏಟು

ಅಮೆರಿಕದ ಮಕ್ಕಳು ಬೇಸ್‌ಬಾಲ್ ಹೊಡೆಯಲು ಕಲಿಯುವುದು ಕೂತ ಚೆಂಡಿನಿಂದ. ಮಗುವಿನ ಸೊಂಟದೆತ್ತರಕ್ಕೆ ಒಂದು ರಬ್ಬರ್ ಕೊಳವೆ, ಅದರ ತುದಿಯಲ್ಲಿ ಚೆಂಡು. ಇದಕ್ಕೆ ಟೀ ಎನ್ನುತ್ತಾರೆ. ಚೆಂಡು ತಿರುಗುವುದಿಲ್ಲ, ಪುಟಿಯುವುದಿಲ್ಲ, ಸುಮ್ನೆ ಕೂತಿರುತ್ತದೆ. ಇದನ್ನು ಹೊಡೆಯುವುದೇನು ಮಹಾ ಅನ್ನಿಸುತ್ತದೆ, ಅಲ್ವಾ?

ಐದು ವರ್ಷದ ಪೋರ, ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು ಬ್ಯಾಟ್ ಬೀಸುತ್ತಾನೆ. ಡಬ್! ಏಟು ಬಿದ್ದಿದ್ದು ಕೊಳವೆಗೆ. ಅದು ಬಾಗುತ್ತದೆ, ಚೆಂಡು ಕಾಲಬುಡಕ್ಕೆ ಉದುರುತ್ತದೆ. ಬೇಲಿಯಾಚೆ ಕೂತ ಅಪ್ಪ ಅಮ್ಮಂದಿರ ಚಪ್ಪಾಳೆ. ನಮ್ಮೂರ ಕಡೆಯ ಅಪ್ಪನಿದ್ದರೆ ಜೊತೆಗೆ ಒಂದು ಬಿಟ್ಟಿ ಸಲಹೆ: "ಬ್ಯಾಟ್ ನೇರ ಹಿಡಿಯೋ ಮರಿ!"

ಆ ಸಲಹೆ ಇಲ್ಲಿ ನಡೆಯದು. ಕ್ರಿಕೆಟ್ ಬ್ಯಾಟಿಗೆ 4.25 ಇಂಚಿನವರೆಗೂ ಅಗಲವಿರಬಹುದು, ಮುಖ ಚಪ್ಪಟೆ, ಸುಮ್ನೆ ಅಡ್ಡ ಹಿಡಿದರೂ ಚೆಂಡು ತಡೆಯಬಹುದು. ಬೇಸ್‌ಬಾಲ್ ಬ್ಯಾಟು ದುಂಡು. ಅಮೆರಿಕದ ಅತಿ ದೊಡ್ಡ ವೃತ್ತಿಪರ ಪಂದ್ಯಾವಳಿಯಾದ ಮೇಜರ್ ಲೀಗಿನಲ್ಲೂ ದಪ್ಪ 2.61 ಇಂಚು ಮೀರುವಂತಿಲ್ಲ. ದುಂಡು ಚೆಂಡಿಗೆ ದುಂಡು ಕೋಲು ತಾಗಬೇಕು. ಚೆಂಡಿನ ತಳಕ್ಕೆ ತಾಗಿದರೆ ಆಕಾಶಕ್ಕೆ, ನೆತ್ತಿಗೆ ತಾಗಿದರೆ ನೆಲಕ್ಕೆ.

ಜೋರಾಗಿ ಹೊಡೆಯಬೇಕೆಂದರೆ ಎಲ್ಲರೂ ಮೊದಲು ಮಾಡುವುದು ಮುಷ್ಟಿ ಬಿಗಿ ಹಿಡಿಯುವುದು. ಕೋಚ್ ಹೇಳುವುದು ಉಲ್ಟಾ. ಹಿಡಿತ ಸಡಿಲವಿರಲಿ, ಬ್ಯಾಟು ಬೆರಳುಗಳಲ್ಲಿರಲಿ. ಮುಂಗಾಲು ಮೆತ್ತಗೆ ಮುಂದಿಡಬೇಕು. ಹಿಂದಿನ ಪಾದ, ಬೀಡಿ ತುಂಡು ಹೊಸಕಿದ ಹಾಗೆ ತಿರುಗಬೇಕು. (ಅಲ್ಲಿಯ ಕೋಚುಗಳು ಹುಳ ಹೊಸಕು ಎನ್ನುತ್ತಾರೆ. ಬೀಡಿ ನನ್ನ ಸೇರ್ಪಡೆ.) ಆಮೇಲೆ ಸೊಂಟ, ಆಮೇಲೆ ಎದೆ. ಕೈಯ ಸರದಿ ಬರುವುದೇ ಕಟ್ಟಕಡೆಗೆ.

ಇಷ್ಟನ್ನೂ ಕೂತ ಚೆಂಡಿನ ಮುಂದೆ ಮೈಗೆ ಹಚ್ಚಿಸಿಕೊಳ್ಳಲೇಬೇಕು. ದೊಡ್ಡವರ ಆಟದಲ್ಲಿ ಚೆಂಡೆಸೆಯುವವ, ಅಂದರೆ ಪಿಚರ್, ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡೊಳಗೆ ಎದುರಿಗಿರುತ್ತದೆ. ಆಗ ಸೊಂಟ ಮೊದಲಾ, ಕೈ ಮೊದಲಾ ಅಂತ ಯೋಚಿಸುತ್ತಾ ನಿಂತರೆ ಆಯ್ತು ಕಥೆ. 1941ರಲ್ಲಿ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ಸರಾಸರಿ .406. ಅಂದರೆ ಹತ್ತು ಸರದಿಗೆ ನಾಲ್ಕು ಯಶಸ್ವಿ ಹೊಡೆತ, ಅಷ್ಟೇ! ಅದನ್ನು ಇವತ್ತಿಗೂ ಕೊಂಡಾಡುತ್ತಾರೆ.

ಪೋರನಿಗೆ ಇದೆಲ್ಲ ಬೇಕಿಲ್ಲ. ಬ್ಯಾಟಿನ ಬುಡಕ್ಕೆ ತಾಗಿದಾಗ ಅಂಗೈ ಜುಮ್ಮೆನ್ನುತ್ತದೆ, ಸರಿಯಾದ ಜಾಗಕ್ಕೆ ಬಿದ್ದಾಗ ಕೈಗೆ ಗೊತ್ತೇ ಆಗುವುದಿಲ್ಲ. ಅಷ್ಟು ಪಾಠ ಸಾಕು. ಚೆಂಡು ಹಾರಿದ ಮೇಲೆ ಬ್ಯಾಟ್ ಕೆಳಗಿಟ್ಟು ಮೊದಲನೇ ಬೇಸ್‌ಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ಓಡಬೇಕು. ಕೆಲವರು ದಿಕ್ಕು ತಪ್ಪಿ ಮೂರನೆಯದಕ್ಕೆ ಓಡುತ್ತಾರೆ. ಮನೆಯಲ್ಲಿ ಕ್ರಿಕೆಟ್ ನೋಡಿ ಬೆಳೆದವರು ಬ್ಯಾಟನ್ನೂ ಎತ್ತಿಕೊಂಡೇ ಓಡುತ್ತಾರೆ, ಕೊನೆಯಲ್ಲಿ ಬಗ್ಗಿ ಬೇಸ್‌ಗೆ ಮುಟ್ಟಿಸುತ್ತಾರೆ ಕೂಡ.