ಸತ್ಯಾಂಶ: ಮಜ್ಜಿಗೆ ಕುಡಿದರೆ ಕ್ಯಾನ್ಸರ್ ಹೋಗುತ್ತದೆಯೇ?

ಬದಿಯಡ್ಕ, ಪೆರ್ಲ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: "ದಿನಾ ಮಜ್ಜಿಗೆ ಕುಡಿಯಿರಿ, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಕ್ಯಾನ್ಸರನ್ನು ಕೊಲ್ಲುತ್ತವೆ."

ಮಜ್ಜಿಗೆ ಒಳ್ಳೆಯದೇ, ಧಾರಾಳವಾಗಿ ಕುಡಿಯಿರಿ. ಆದರೆ ಅದು ಕ್ಯಾನ್ಸರನ್ನು ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ.

ಬ್ಯಾಕ್ಟೀರಿಯಾಕ್ಕೂ ಕ್ಯಾನ್ಸರಿಗೂ ನಂಟಿರುವುದು ಮಾತ್ರ ನಿಜ. ಅದರಲ್ಲಿ ಚೆನ್ನಾಗಿ ಸಾಬೀತಾಗಿರುವುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ನಂಟು. ಇದು ಜಠರದ ಒಳಪದರದಲ್ಲಿ ವರ್ಷಗಟ್ಟಲೆ ಉರಿಯೂತ ಉಂಟುಮಾಡುತ್ತದೆ. ಅದೇ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹಾಗಂತ ಹೆದರಬೇಡಿ. ಇದು ಹೊಟ್ಟೆಯಲ್ಲಿರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಪತ್ತೆಗೆ ಪರೀಕ್ಷೆ ಇದೆ, ಆಂಟಿಬಯೋಟಿಕ್ ಚಿಕಿತ್ಸೆಯೂ ಇದೆ.

ದೊಡ್ಡ ಕರುಳಿನಲ್ಲಿ ಕೆಲವು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾ ತರಕಾರಿ, ಬೇಳೆಕಾಳಿನ ನಾರನ್ನು ಕರುಳಿಗೆ ಹಿತವಾದ ಆಮ್ಲವಾಗಿ ಬದಲಿಸುತ್ತವೆ.

ಕೀಮೋ (ಕ್ಯಾನ್ಸರಿನ ಔಷಧ ಚಿಕಿತ್ಸೆ) ತೆಗೆದುಕೊಳ್ಳುತ್ತಿರುವವರು ಪ್ರೊಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆಗಳನ್ನು ಸುಮ್ನೆ ನುಂಗಬೇಡಿ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಅವುಗಳಿಂದಲೇ ಸೋಂಕಾಗಬಹುದು. ಮೊದಲು ಡಾಕ್ಟರನ್ನು ಕೇಳಿ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಡಿಕೆ ನಮ್ಮ ಬದುಕು, ಅಲ್ವಾ? ಆದರೆ ಅಡಿಕೆ, ಹೊಗೆಸೊಪ್ಪು ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣ. ಎಷ್ಟು ಮಜ್ಜಿಗೆ ಕುಡಿದರೂ ಆ ಅಪಾಯ ತಪ್ಪುವುದಿಲ್ಲ.