ತಡ ಮಾಡಿದ್ದು ನೀವೇ, ಹವಾಲ್ದಾರ್ರೇ!

ಫೌಜಿನಲ್ಲಿ ಬೆಳಗಿನ ಐದೂವರೆ ಅಂದರೆ ಐದು ಇಪ್ಪತ್ತೈದು. ಫಾಲ್-ಇನ್‌ಗೆ ಐದು ನಿಮಿಷ ಮೊದಲೇ ಸಾಲಿನಲ್ಲಿ ನಿಂತಿರಬೇಕು. ರಜೆಗೆ ಊರಿಗೆ ಬಂದ ಜವಾನ ವಾಪಸ್ ಹೋಗೋದು ಒಂದು ದಿನ ತಡವಾದರೆ ಅದಕ್ಕೊಂದು ಸೆಕ್ಷನ್ ಇದೆ. 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್. ಕೋರ್ಟ್ ಮಾರ್ಷಲ್‌ವರೆಗೆ ಹೋದರೆ ಮೂರು ವರ್ಷದವರೆಗೂ ಜೈಲು. ರೈಲು ತಡವಾಯ್ತು, ಅಮ್ಮನಿಗೆ ಹುಷಾರಿರಲಿಲ್ಲ ಅನ್ನೋದಕ್ಕೆಲ್ಲ ರುಜುವಾತು ತೋರಿಸಬೇಕು.

ಅದೇ ಜವಾನನ ಪ್ರಮೋಷನ್ ಮೂರು ವರ್ಷ ತಡವಾದರೆ? ಆಗ ಸೆಕ್ಷನ್ ಇಲ್ಲ, ರುಜುವಾತೂ ಬೇಡ. 'ಅಡ್ಮಿನಿಸ್ಟ್ರೇಟಿವ್ ರೀಸನ್ಸ್' ಅಂತ ಎರಡು ಪದ ಟೈಪ್ ಮಾಡಿದರೆ ಮುಗೀತು.

ಗದಗ ಕಡೆಯ ಒಬ್ಬ ನಾಯಕ್, ಅಂದರೆ ಹವಾಲ್ದಾರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರ‍್ಯಾಂಕಿನವನು, ಅಂತ ಇಟ್ಕೊಳ್ಳಿ. ಹೆಸರು ಬೇಡ, ಇಂಥವರು ತಾಲ್ಲೂಕಿಗೆ ಹತ್ತು ಜನ ಸಿಗ್ತಾರೆ. ಹವಾಲ್ದಾರ್ ಆಗೋಕೆ ಬೇಕಾದ ಪ್ರಮೋಷನ್ ಕೇಡರ್ ಅನ್ನೋ ತರಬೇತಿ-ಪರೀಕ್ಷೆ ಪಾಸ್ ಮಾಡಿದ್ದಾನೆ. ಮೆಡಿಕಲ್ ಶೇಪ್-ಒನ್, ಅಂದರೆ ಪೂರ್ತಿ ಫಿಟ್. ಸರ್ವಿಸ್ ಪುಸ್ತಕದಲ್ಲಿ ಶಿಕ್ಷೆಯ ಗುರುತಾದ ರೆಡ್ ಇಂಕ್ ಎಂಟ್ರಿ ಒಂದೇ ಒಂದೂ ಇಲ್ಲ. ಆದರೆ ಕೇಡರ್ ಪಾಸಾದ ಹೊತ್ತಿಗೆ ಯೂನಿಟ್ಟು ರಾಜಸ್ಥಾನದಿಂದ ಅರುಣಾಚಲಕ್ಕೆ ಹೊರಟಿತ್ತು. ಕ್ಲರ್ಕು ಟ್ರಂಕು ಕಟ್ಟೋ ಗಡಿಬಿಡಿಯಲ್ಲಿದ್ದ. ಪಾರ್ಟ್ ಟು ಆರ್ಡರ್ ಹೊರಡಲೇ ಇಲ್ಲ.

ಈ ಪಾರ್ಟ್ ಟು ಆರ್ಡರ್ ಅನ್ನೋದರ ಮಹಿಮೆ ಫೌಜಿ ಮನೆಯವರಿಗೆ ಗೊತ್ತು. ಜವಾನನ ಬದುಕಿನಲ್ಲಿ ಏನೇ ಆಗಲಿ, ಅದು ಪಾರ್ಟ್ ಟುನಲ್ಲಿ ಬರಬೇಕು. ಮದುವೆಯಾದರೆ ಪಾರ್ಟ್ ಟು. ಮಗು ಹುಟ್ಟಿದರೆ ಪಾರ್ಟ್ ಟು. ರಜೆಗೆ ಹೋದರೆ, ಬಂದರೆ, ಆಸ್ಪತ್ರೆ ಸೇರಿದರೆ ಪಾರ್ಟ್ ಟು. ಅದರಲ್ಲಿ ಬರದೇ ಇದ್ದರೆ ಆ ಸಂಗತಿ ನಡೆದೇ ಇಲ್ಲ. ಮಗಳು ಹೈಸ್ಕೂಲಿಗೆ ಹೋಗ್ತಿರಬಹುದು, ರೆಕಾರ್ಡಿನಲ್ಲಿ ಇನ್ನೂ ಹುಟ್ಟಿಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಚಹಾ ಕುಡೀತಿರಬಹುದು. ಶಾಂತವ್ವ ಅನ್ನೋ ಹೆಸರು ರೆಕಾರ್ಡಿನಲ್ಲಿ ಶಾಂತಾ ದೇವಿ ಅಂತ ಕೂತಿದ್ದರೆ ಆಕೆ ಬೇರೆ ಯಾರದ್ದೋ ಹೆಂಡತಿ. (ಉತ್ತರದ ಕ್ಲರ್ಕುಗಳು ನಮ್ಮ ಎಷ್ಟೋ ಅವ್ವಂದಿರನ್ನ ದೇವಿ ಮಾಡಿಬಿಟ್ಟಿದ್ದಾರೆ. ಅದನ್ನ ಪ್ರಮೋಷನ್ ಅಂತ ಬೇಕಾದರೆ ಕರೀಬಹುದು, ತಡವಿಲ್ಲದೆ ಸಿಗೋದು ಅದೊಂದೇ.)

ಸರಿ, ರೆಕಾರ್ಡ್ ಆಫೀಸಿನಲ್ಲಿ ಪ್ರಮೋಷನ್ ಬೋರ್ಡ್ ಕೂತಿತು. ನಮ್ಮ ನಾಯಕ್‌ನ ಹಾಳೆಯಲ್ಲಿ 'ಕೇಡರ್: ಮಾಡಿಲ್ಲ'. ಅವನ ಜೂನಿಯರ್ ಹವಾಲ್ದಾರ್ ಆದ. ನಿನ್ನೆವರೆಗೂ 'ಉಸ್ತಾದ್' ಅಂತಿದ್ದ ಹುಡುಗ ಇವತ್ತು ಇವನ ಡ್ಯೂಟಿ ಬರೀತಾನೆ. ಪಾರ್ಟ್ ಟು ಸಿಕ್ಕಿ, ಓಡಾಡಿ, ಮತ್ತೆ ಬೋರ್ಡ್ ಕೂತು ಇವನು ಹವಾಲ್ದಾರ್ ಆಗೋ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಮೂರು ವರ್ಷ ತಾನೇ, ಕೊನೆಗೂ ಸಿಕ್ತಲ್ಲ ಅನ್ನಬೇಡಿ. ಫೌಜಿನಲ್ಲಿ ಎಷ್ಟು ವರ್ಷ ಇರಬಹುದು ಅನ್ನೋದೂ ರ‍್ಯಾಂಕಿನ ಮೇಲೇ ನಿಂತಿದೆ. ಎರಡು ವರ್ಷದ ವಿಸ್ತರಣೆ ಸೇರಿ ನಾಯಕ್‌ಗೆ 24 ವರ್ಷ, ಹವಾಲ್ದಾರ್‌ಗೆ 26, ಅದರ ಮೇಲಿನ ನಾಯಬ್ ಸುಬೇದಾರ್‌ಗೆ 28. ಸೀನಿಯಾರಿಟಿ ಲಿಸ್ಟಿನಲ್ಲಿ ಹಿಂದೆ ಬಿದ್ದವನಿಗೆ ನಾಯಬ್ ಸುಬೇದಾರ್ ನಂಬರ್ ಬರೋ ಮೊದಲೇ 26 ತುಂಬುತ್ತೆ. ಹಾರ, ಗ್ರೂಪ್ ಫೋಟೋ, ಬಡಾಖಾನಾ ಅನ್ನೋ ದೊಡ್ಡೂಟ. ನಲವತ್ತೈದರ ಆಸುಪಾಸಿನಲ್ಲಿ ಮನೆಗೆ. ಜೂನಿಯರ್ ಹುಡುಗ ನಾಯಬ್ ಸುಬೇದಾರ್ 'ಸಾಹೇಬ್' ಆಗಿ ಇನ್ನೂ ಎರಡು ವರ್ಷ ಸಂಬಳ ತಗೊಳ್ತಾನೆ.

ವ್ಯತ್ಯಾಸ ಸಾಯೋವರೆಗೂ ಬಿಡಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋದರೆ ಹವಾಲ್ದಾರ್‌ಗೆ ಜನರಲ್ ವಾರ್ಡ್, ನಾಯಬ್ ಸುಬೇದಾರ್‌ಗೆ ಸೆಮಿ-ಪ್ರೈವೇಟ್. ಕ್ಯಾಂಟೀನಿನ ರಮ್ ಕೋಟಾ ಕೂಡ ರ‍್ಯಾಂಕ್ ನೋಡಿಯೇ. ಕ್ಲರ್ಕು ಕಳಿಸಲು ಮರೆತ ಒಂದು ಹಾಳೆ ಇಪ್ಪತ್ತು ವರ್ಷ ಆದಮೇಲೆ ಮಂಡಿ ಆಪರೇಷನ್ ದಿನ ಫ್ಯಾನ್ ಇಲ್ಲದ ಮಂಚದ ಪಕ್ಕ ಬಂದು ನಿಲ್ಲುತ್ತೆ.

ನಮ್ಮ ಹವಾಲ್ದಾರ್ರು ಅರ್ಜಿ ಬರೆದರು. ಥ್ರೂ ಪ್ರಾಪರ್ ಚಾನೆಲ್. ಅಂದರೆ ಯೂನಿಟ್ಟಿಗೆ ಕೊಟ್ಟರೆ ಅಲ್ಲಿಂದ ಬ್ರಿಗೇಡಿಗೆ, ಬ್ರಿಗೇಡಿನಿಂದ ಡಿವಿಷನ್ನಿಗೆ, ಅಲ್ಲಿಂದ ರೆಕಾರ್ಡ್ ಆಫೀಸಿಗೆ, ಅಲ್ಲಿಂದ 'ಕಾಮೆಂಟ್ಸ್ ಕೊಡಿ' ಅಂತ ಮತ್ತೆ ಯೂನಿಟ್ಟಿಗೆ. ಯೂನಿಟ್ಟು ಈಗ ಅರುಣಾಚಲದಲ್ಲೂ ಇಲ್ಲ. ಸೇನಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಜವಾನರು ಸ್ಟ್ಯಾಚುಟರಿ ಕಂಪ್ಲೇಂಟ್, ಅಂದರೆ ಕಾನೂನುಬದ್ಧ ದೂರು, ಕೊಡಬಹುದು. ಕೊಟ್ಟರು. ಉತ್ತರ ಬಂತು: ನಿಮ್ಮ ಕೇಸನ್ನ ಕೂಲಂಕಷವಾಗಿ ಪರಿಶೀಲಿಸಲಾಗಿದೆ, ಅದು 'ಡಿವಾಯ್ಡ್ ಆಫ್ ಮೆರಿಟ್' ಆಗಿದೆ, ಅಂದರೆ ಹುರುಳಿಲ್ಲ. ಕೂಲಂಕಷ ಪರಿಶೀಲನೆ ಎರಡೂವರೆ ಸಾಲಿನಲ್ಲಿತ್ತು. ಅದರಲ್ಲಿ ಒಂದು ಸಾಲು ಹವಾಲ್ದಾರ್ರ ನಂಬರ್ ಮತ್ತು ಹೆಸರು.

ಕೇಡರ್ ಪಾಸಾದ ಮೂಲ ದಾಖಲೆ ಕೊಡಿ ಅಂತ ಆರ್‌ಟಿಐ ಹಾಕಿದರು. ಆ ಕಾಗದಗಳ ಅವಧಿ ಮುಗಿದಿತ್ತು, ಬೋರ್ಡ್ ಆಫ್ ಆಫೀಸರ್ಸ್ ಕೂಡಿಸಿ ನಿಯಮದಂತೆ ಸುಟ್ಟಿದ್ದೇವೆ ಅಂತ ಉತ್ತರ. ಈ ಇಡೀ ಪ್ರಕರಣದಲ್ಲಿ ಸರಿಯಾದ ತಾರೀಖಿಗೆ ಆದ ಕೆಲಸ ಅಂದರೆ ಅದೊಂದೇ.

ಯಾರೋ ಹೇಳಿದರು, ಟ್ರಿಬ್ಯುನಲ್ಲಿಗೆ ಹೋಗಿ ಅಂತ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಬಂದದ್ದು 2007ರಲ್ಲಿ, ಶುರುವಾದದ್ದು 2009ರ ಆಗಸ್ಟಿನಲ್ಲಿ. ಬೆಂಗಳೂರಿನಲ್ಲೂ ಒಂದು ಪೀಠ ಇದೆ. ಫೌಜಿಗಳ ತಕರಾರು ಬೇಗ ಮುಗೀಲಿ ಅಂತಲೇ ಮಾಡಿದ್ದು. ಆಮೇಲೆ ಒಂದಲ್ಲ ಒಂದು ಊರಿನ ಪೀಠದಲ್ಲಿ ಸದಸ್ಯರೇ ಇರ್ತಿರಲಿಲ್ಲ ಅನ್ನೋದು ಬೇರೆ ಮಾತು. ಒಂದು ಪೀಠ ಕೂರೋಕೆ ಒಬ್ಬ ನ್ಯಾಯಾಧೀಶರು, ಒಬ್ಬ ನಿವೃತ್ತ ಫೌಜಿ ಅಧಿಕಾರಿ ಬೇಕು. ಒಬ್ಬರ ಅವಧಿ ಮುಗಿದರೆ ಇನ್ನೊಬ್ಬರ ನೇಮಕ ತಡವಾಗುತ್ತೆ. ಬಡ್ತಿ ತಡವಾಯ್ತು ಅಂತ ಬಂದವನು, ನ್ಯಾಯಾಧೀಶರ ನೇಮಕ ತಡವಾಯ್ತು ಅಂತ ಕಾಯ್ತಾ ಕೂರ್ತಾನೆ.

ಕೊನೆಗೂ ಕೇಸ್ ಬಂತು ಅನ್ನಿ. ಸರ್ಕಾರಿ ವಕೀಲರು ಎದ್ದು ನಿಂತು ಹೇಳೋ ಮೊದಲ ಮಾತೇನು ಗೊತ್ತಾ? "ಅರ್ಜಿದಾರರು ತಡವಾಗಿ ಬಂದಿದ್ದಾರೆ."

ತಮಾಷೆಗೆ ಹೇಳ್ತಿಲ್ಲ. ನ್ಯಾಯಮಂಡಳಿ ಕಾಯ್ದೆಯ 22ನೇ ಸೆಕ್ಷನ್ನಿನ ಪ್ರಕಾರ ಇಲಾಖೆಯ ಕೊನೇ ಉತ್ತರ ಬಂದ ಆರು ತಿಂಗಳೊಳಗೆ ಟ್ರಿಬ್ಯುನಲ್ಲಿಗೆ ಬರಬೇಕು. ಬರದಿದ್ದರೆ ತಡ ಮನ್ನಿಸಿ ಅಂತ ಇನ್ನೊಂದು ಅರ್ಜಿ. ಅದರಲ್ಲಿ ತಡಕ್ಕೆಲ್ಲ ಕಾರಣ ಬರೀಬೇಕು. ಇಂಥ ದಿನ ಜ್ವರ, ಇಂಥ ದಿನ ಮಗಳ ಮದುವೆ, ಇಂಥ ದಿನ ವಕೀಲರೇ ಸಿಗಲಿಲ್ಲ. ಇಲಾಖೆ ಮೂರು ವರ್ಷ ತಡ ಮಾಡಿದ್ದಕ್ಕೆ ಇಂಥ ಒಂದು ಅರ್ಜಿಯನ್ನೂ ಯಾರೂ ಕೇಳಿಲ್ಲ.

ಇದರ ಮೇಲೆ 2008ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ, ತರ್ಸೇಮ್ ಸಿಂಗ್ ಪ್ರಕರಣದ್ದು. ಫೌಜಿ ವಕೀಲರಿಗೆಲ್ಲ ಬಾಯಿಪಾಠ. ಪೆನ್ಷನ್ ಕಡಿಮೆ ಬರ್ತಿದ್ದರೆ ಅದು ತಿಂಗಳು ತಿಂಗಳೂ ಆಗೋ ತಪ್ಪು, ತಡವಾದರೂ ಕೇಳಬಹುದು, ಆದರೆ ಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಸೀನಿಯಾರಿಟಿ, ಪ್ರಮೋಷನ್ ತಕರಾರಾದರೆ ಬೇರೆಯವರ ಹಕ್ಕಿಗೂ ತಗಲುತ್ತೆ, ತಡವಾಗಿ ಬಂದರೆ ಅರ್ಜಿ ಹಳಸಿತು. ಕಾನೂನಿನ ತರ್ಕ ತಪ್ಪು ಅಂತ ನಾನು ಹೇಳಲ್ಲ. ಹತ್ತು ವರ್ಷದ ಹಿಂದಿನ ಲಿಸ್ಟ್ ಅಲ್ಲಾಡಿಸಿದರೆ ನೂರು ಜನರ ನಂಬರ್ ಅಲ್ಲಾಡುತ್ತೆ, ನಿಜ. ಆದರೆ ಹಳಸಿದ್ದು ಯಾರ ಅಡುಗೆಮನೆಯಲ್ಲಿ ಅಂತಲೂ ಒಂದು ಸಲ ಕೇಳಬೇಕಲ್ವಾ?

ಜವಾನರ ಪಾಡು ಮಾತ್ರ ಹೀಗೆ, ಅಧಿಕಾರಿಗಳದ್ದು ಚೆನ್ನಾಗಿದೆ ಅಂದುಕೊಳ್ಳಬೇಡಿ. ಸೇನೆಯ ಮಹಿಳಾ ಅಧಿಕಾರಿಗಳ ಕಥೆ ನೋಡಿ. ಮೊದಲ ತಂಡ ಸೇರಿದ್ದು 1992ರಲ್ಲಿ. ಅವರಿಗೂ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗಿನ ಕಾಯಂ ನೌಕರಿ, ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ. ಕೊಡೋಕೆ ಒಂದು ಪರೀಕ್ಷೆ ಇಟ್ಟರು. ಸರ್ವಿಸ್‌ನ ಐದನೇ ಅಥವಾ ಹತ್ತನೇ ವರ್ಷದಲ್ಲಿ ಗಂಡಸರಿಗೆ ಇಡೋ ಅದೇ ಮೆಡಿಕಲ್ ಮಾನದಂಡವನ್ನ ನಲವತ್ತು ದಾಟಿದ ಹೆಂಗಸರಿಗೂ ಇಟ್ಟರು. ಇಪ್ಪತ್ತೈದರಲ್ಲಿ ಓಡಿಸಬೇಕಿತ್ತು, ಓಡಿಸಲಿಲ್ಲ. ಈಗ ಯಾಕೆ ಇಪ್ಪತ್ತೈದರ ಹಾಗೆ ಓಡಲ್ಲ ಅಂತ ಕೇಳಿದರು. 2021ರ ಮಾರ್ಚಿನಲ್ಲಿ ಕೋರ್ಟು ಇದು ಪರೋಕ್ಷ ತಾರತಮ್ಯ ಅಂದಿತು.

ಆಮೇಲೆ ಕರ್ನಲ್ ಪ್ರಮೋಷನ್. 2023ರ ಜನವರಿಯಲ್ಲಿ ವಿಶೇಷ ಬೋರ್ಡ್ ಕೂತು 108 ಜಾಗಕ್ಕೆ 244 ಅಧಿಕಾರಿಗಳನ್ನ ನೋಡಿತು. 1992ರವರೂ ಅದೇ ಸಾಲಿನಲ್ಲಿ, 2006ರವರೂ ಅದೇ ಸಾಲಿನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಸುಪ್ರೀಂ ಕೋರ್ಟ್. ಯಾವ ತಾರೀಖಿನವರೆಗಿನ ಕಾನ್ಫಿಡೆನ್ಷಿಯಲ್ ರಿಪೋರ್ಟ್ ಲೆಕ್ಕಕ್ಕೆ ತಗೋಬೇಕು ಅಂತ ಸೇನೆ ಹಾಕಿಕೊಂಡ ಕಟ್-ಆಫ್ ಮನಸ್ಸಿಗೆ ಬಂದಂತಿದೆ ಅಂತ ಹೇಳಿ, ಬಿಟ್ಟುಹೋದವರಿಗೆ ಹದಿನೈದು ದಿನದಲ್ಲಿ ಮತ್ತೆ ಬೋರ್ಡ್ ಕೂಡಿಸಿ ಅಂದಿತು. ಹದಿನೈದು ದಿನದಲ್ಲಿ ಆಗೋ ಕೆಲಸ ಅದು. ಗಮನಿಸಿ.

ಅಮೆರಿಕದವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 2023ರಲ್ಲಿ ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್ ಒಬ್ಬರೇ ನಾನೂರಕ್ಕೂ ಜಾಸ್ತಿ ಹಿರಿಯ ಅಧಿಕಾರಿಗಳ ಪ್ರಮೋಷನ್ ತಿಂಗಳುಗಟ್ಟಲೆ ತಡೆಹಿಡಿದರು. ರಕ್ಷಣಾ ಇಲಾಖೆಯ ಗರ್ಭಪಾತ ನೀತಿಯ ಮೇಲಿನ ಸಿಟ್ಟು ಅವರಿಗೆ. ಅದಕ್ಕೂ ಆ ಅಧಿಕಾರಿಗಳಿಗೂ ಸಂಬಂಧ ಇರಲಿಲ್ಲ. ಆದರೂ ಅಲ್ಲಿ ಒಂದು ಸೌಲಭ್ಯ ಇತ್ತು: ತಡ ಮಾಡಿದವರು ಟಿವಿಯಲ್ಲಿ ಬಂದು ಹೌದು, ನಾನೇ ಅಂತಿದ್ದರು. ನಮ್ಮ ಹವಾಲ್ದಾರ್ರು ಇಷ್ಟು ವರ್ಷ ಹುಡುಕಿದರೂ ಹಾಗೆ ಅನ್ನೋ ಒಬ್ಬ ಮನುಷ್ಯ ಸಿಕ್ಕಿಲ್ಲ. ಆ ಕ್ಲರ್ಕು ಕೂಡ ಪ್ರಮೋಷನ್ ಆಗಿ ಎಲ್ಲೋ ಹೋದ. ಸರಿಯಾದ ತಾರೀಖಿಗೆ.

ತಾರೀಖಿನ ಜಗಳ ಫೌಜಿನದ್ದು ಮಾತ್ರ ಅಲ್ಲ ಬಿಡಿ. ಜೂನ್ 30ಕ್ಕೆ ನಿವೃತ್ತಿ, ಜುಲೈ 1ಕ್ಕೆ ಇನ್‌ಕ್ರಿಮೆಂಟ್. ಇಡೀ ವರ್ಷ ದುಡಿದವನಿಗೆ ಒಂದು ದಿನದ ನೆಪ ಹೇಳಿ ಕೈ ಅಲ್ಲಾಡಿಸೋದು ದೇಶದ ಎಷ್ಟೋ ಇಲಾಖೆಗಳ ಪದ್ಧತಿಯಾಗಿತ್ತು. ಇಂಥದ್ದೇ ಒಂದು ದಿನದ ತಕರಾರನ್ನ ಹಿಡ್ಕೊಂಡು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2023ರ ಏಪ್ರಿಲ್‌ನಲ್ಲಿ ಸೋತು ಬಂದದ್ದು ನಮ್ಮದೇ ಕೆಪಿಟಿಸಿಎಲ್. ಕರೆಂಟು ಹೋದಾಗ ಇಷ್ಟು ಛಲ ತೋರಿಸಿದ್ದರೆ!

ಇರಲಿ, ನಮ್ಮ ಹವಾಲ್ದಾರ್ರು ಗೆದ್ದರು ಅನ್ನಿ. ಗೆಲ್ಲೋದೂ ಉಂಟು. ಟ್ರಿಬ್ಯುನಲ್ಲು ಹಿಂದಿನ ತಾರೀಖಿನಿಂದ ಸೀನಿಯಾರಿಟಿ ಕೊಟ್ಟು, ನಾಯಬ್ ಸುಬೇದಾರ್ ಅಂತ ಪರಿಗಣಿಸಿ ಅಂದಿತು. ಮನೆಯಲ್ಲಿ ಹೋಳಿಗೆ ಮಾಡಿದರು. ಆದೇಶದ ಮೂರನೇ ಪುಟ ಓದಿದ್ದು ಊಟ ಆದಮೇಲೆ. ಅಲ್ಲಿ 'ನೋಷನಲ್' ಅಂತ ಇತ್ತು. ಪ್ರಮೋಷನ್ ಲೆಕ್ಕಕ್ಕೆ ಮಾತ್ರ. ಸಂಬಳದ ಬಾಕಿ ಇಲ್ಲ, ಯಾಕೆಂದರೆ ಆ ಹುದ್ದೆಯಲ್ಲಿ ನೀವು ಕೆಲಸ ಮಾಡಿಲ್ಲ. ನೋ ವರ್ಕ್ ನೋ ಪೇ. ಕೆಲಸ ಮಾಡೋಕೆ ತಯಾರಿದ್ದವನನ್ನ ಅವನ ತಪ್ಪಿಲ್ಲದೆ ದೂರ ಇಟ್ಟರೆ ಈ ಮಾತು ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಜಾನಕಿರಾಮನ್ ಪ್ರಕರಣದಲ್ಲಿ ಹೇಳಿದೆ. ಅದೂ ಇನ್ನೂ ಪಾರ್ಟ್ ಟುನಲ್ಲಿ ಬಂದಿಲ್ಲವೇನೋ.

ಇನ್ನೊಂದು ಚೋದ್ಯ ಕೇಳಿ. 8, 16, 24 ವರ್ಷಕ್ಕೆ ಎಂಎಸಿಪಿ ಅಂತ, ಪ್ರಮೋಷನ್ ಸಿಗದಿದ್ದರೂ ಮೇಲಿನ ದರ್ಜೆಯ ಸಂಬಳ ಕೊಡೋ ಒಂದು ಏರಿಕೆ ಇದೆ. ಅದರಲ್ಲಿ ಹವಾಲ್ದಾರ್ರಿಗೆ 24ಕ್ಕೇ ನಾಯಬ್ ಸುಬೇದಾರ್ ದರ್ಜೆಯ ಸಂಬಳ ಸಿಕ್ಕಿರಬಹುದು, ನಾಯಬ್ ಸುಬೇದಾರ್ ಪ್ರಮೋಷನ್ ಮಾತ್ರ ಇಲ್ಲ. ಅಂದರೆ ಮೊದಲು ರ‍್ಯಾಂಕಿಲ್ಲದ ಸಂಬಳ, ಆಮೇಲೆ ಸಂಬಳವಿಲ್ಲದ ರ‍್ಯಾಂಕು. ಎರಡನ್ನೂ ಒಂದೇ ದಿನ ಒಬ್ಬನೇ ಮನುಷ್ಯನಿಗೆ ಕೊಟ್ಟರೆ ದೇಶದ ಭದ್ರತೆಗೆ ಅಪಾಯ ಇರಬೇಕು. (ಆ ಎಂಎಸಿಪಿ ಯಾವತ್ತಿನಿಂದ ಜಾರಿ ಅನ್ನೋ ತಾರೀಖಿಗೂ ಜಗಳ ಆಗಿತ್ತು. ಸರ್ಕಾರ 2008ರ ಸೆಪ್ಟೆಂಬರ್ 1 ಅಂದಿತು. ಸೈನಿಕರ ಮಟ್ಟಿಗೆ 2006ರ ಜನವರಿ 1 ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು.)

ತೀರ್ಪಿನ ಮೇಲೆ ಮೇಲ್ಮನವಿ ಹೋಗದಿದ್ದರೆ ಪುಣ್ಯ. ಮಾಜಿ ಸೈನಿಕರ ಮೇಲೆ ಸುಮ್ನೆ ಕೇಸ್ ನಡೆಸೋದನ್ನ ಹೇಗೆ ಕಡಿಮೆ ಮಾಡೋದು ಅಂತ 2015ರಲ್ಲಿ ರಕ್ಷಣಾ ಸಚಿವಾಲಯವೇ ಒಂದು ತಜ್ಞರ ಸಮಿತಿ ಮಾಡಿತ್ತು. ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ವರದಿ ಮಾತ್ರ ಬೇಗ ಬಂತು.

ಇನ್ನು ಪೆನ್ಷನ್ ತಿದ್ದುಪಡಿ. ಅದಕ್ಕೆ ಸ್ಪರ್ಶ್ ಅಂತ ಪೋರ್ಟಲ್ ಇದೆ. ಹವಾಲ್ದಾರ್ರು ವರ್ಷಕ್ಕೊಮ್ಮೆ ಅದರಲ್ಲಿ ತಾವು ಬದುಕಿದ್ದೇವೆ ಅಂತ ಬೆರಳೊತ್ತಿ ತೋರಿಸಬೇಕು. ಫೈಲು ಬದುಕಿದೆಯಾ ಅಂತ ಅವರು ತಿರುಗಿ ಕೇಳೋಕೆ ಅದರಲ್ಲಿ ಬಟನ್ ಇಲ್ಲ.

ನನ್ನದೊಂದು ಸಲಹೆ. ತಡ ಮನ್ನಿಸಿ ಅನ್ನೋ ಅರ್ಜಿಯನ್ನ ಇನ್ನು ಮುಂದೆ ಇಲಾಖೆಯೂ ಹಾಕಲಿ. ಅರ್ಜಿದಾರರು: ಇಲಾಖೆ. ವಿಚಾರಣಾಧಿಕಾರಿ: ಹವಾಲ್ದಾರ್ರ ಮನೆಯವರು, ಶಾಂತವ್ವ. ಒಂದೊಂದು ದಿನದ ತಡಕ್ಕೂ ಕಾರಣ, ಪುರಾವೆ ಸಮೇತ. ಕ್ಲರ್ಕು ಟ್ರಂಕು ಕಟ್ಟುತ್ತಿದ್ದ ಅಂದರೆ ಟ್ರಂಕಿನ ಫೋಟೋ. ಶಾಂತವ್ವ ಕಟ್ಟೆ ಮೇಲೆ ಕೂತು, ಮೆಂತ್ಯ ಸೊಪ್ಪು ಸೋಸ್ತಾ, ಕಾಗದವನ್ನ ಎರಡೂ ಕಡೆ ತಿರುಗಿಸಿ ನೋಡಿ ಹೇಳ್ತಾರೆ: "ಇಲ್ಲಿ ನನ್ನ ಹೆಸರು ತಪ್ಪೈತ್ರಿ. ಶಾಂತಾ ದೇವಿ ಅಂದ್ರ ಯಾರು? ಸರಿ ಮಾಡಿಸ್ಕೊಂಡು ಬರ್ರಿ. ಬರೋವಾಗ ಫೋಟೋ ಎರಡು, ಝೆರಾಕ್ಸ್ ಮೂರು. ಸೋಮವಾರ ಬ್ಯಾಡ, ನಮ್ಮೂರ ಸಂತಿ ಇರ್ತದ."