ಹರಿಹರದ ಷಡ್ಡಕ ಮತ್ತು ಎಂಟು ಜಿಬಿ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಮಾಡಿಸೋಕೆ ಬಂದವರು ಸ್ಟೂಲ್ ಮೇಲೆ ಕೂತು ಹೆಸರು ಹೇಳ್ತಾರೆ, ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಹೊಡೆಯುತ್ತೇನೆ. 'ತಮ್ಮ ಸುಖಾಗಮನ ಬಯಸುವವರು' ಅಂತ ಒಂದು ಪಟ್ಟಿ ಇರುತ್ತಲ್ಲ, ಅದರಲ್ಲಿ ಒಂದು ಹೆಸರು ಬಿಟ್ಟುಹೋದರೆ ಎರಡು ತಲೆಮಾರು ಮಾತು ಬಿಡ್ತಾರೆ.

2025ರ ತುಳಸಿ ಹಬ್ಬ ಮುಗಿದ ಎರಡು ದಿನಕ್ಕೆ ಒಬ್ಬ ಹಿರಿಯರು ಬಂದರು. 38 ಹೆಸರು ಸರಾಗವಾಗಿ ಆಯಿತು. 39ನೆಯದು ಹರಿಹರದ ಷಡ್ಡಕರದ್ದು. ಮೊದಲ ಅಕ್ಷರ ಬಿದ್ದದ್ದೇ ತಡ, ಪರದೆ ಕಪ್ಪಾಯಿತು. ಸೇವ್ ಮಾಡಿರಲಿಲ್ಲ, ಯಾರು ಮಾಡಿರ್ತಾರೆ?

ಮತ್ತೆ ಮೊದಲಿಂದ ಹೊಡೆದೆ. ಮತ್ತೆ ಷಡ್ಡಕರ ಹೆಸರಿಗೇ ಕಪ್ಪು.

"ಅಂವ ಕಾಲಿಟ್ಟಲ್ಲೆಲ್ಲ ಹಿಂಗೇ ರೀ," ಅಂದರು ಹಿರಿಯರು, ಬಹಳ ವರ್ಷದ ಅನುಮಾನಕ್ಕೆ ಕೊನೆಗೂ ಸಾಕ್ಷಿ ಸಿಕ್ಕಂತೆ. "ನನ್ನ ಮದುವೇಲೂ ಕರೆಂಟ್ ಹೋಗಿತ್ತು."

ನನ್ನ ಅನುಮಾನ ಬೇರೆ ಕಡೆ ಇತ್ತು. ಆ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ ಕೊಡೋದು ನಿಂತಿತ್ತು. ಸರಿ ಅಂತ, ದೀಪಾವಳಿ ಮುಗಿದ ಮರುದಿನ, ವಿಂಡೋಸ್ ಏಳೋಕೆ ಮುಂಚಿನ ಸೆಟ್ಟಿಂಗ್ ಆದ ಬಯೋಸ್‌ಗೆ ಹೋಗಿ ಟಿಪಿಎಂ ಅನ್ನೋ ಭದ್ರತಾ ಚಿಪ್ ಆನ್ ಮಾಡಿ ವಿಂಡೋಸ್ 11 ಹಾಕಿಕೊಂಡಿದ್ದೆ. ಅದಕ್ಕೆ ನಾಲ್ಕು ಜಿಬಿ ರ‍್ಯಾಮ್ (ಕೆಲಸದ ಮೆಮೊರಿ) ಸಾಕು ಅಂತ ನಿಯಮದಲ್ಲಿದೆ. ಬೆಣ್ಣೆ ದೋಸೆಗೆ ಅರ್ಧ ಚಮಚ ಬೆಣ್ಣೆ ಸಾಕು ಅಂತಲೂ ಯಾರಾದ್ರೂ ಬರೀಬಹುದು. ನಾನು ಇನ್ನೊಂದು ಎಂಟು ಜಿಬಿ ಸ್ಟಿಕ್ ತಂದು, ಅಪ್‌ಗ್ರೇಡಿಗೆ ಮುಂಚೆ ನಾನೇ ಕೂರಿಸಿದ್ದೆ. ಆವತ್ತಿಂದ ಎರಡು ದಿನಕ್ಕೊಮ್ಮೆ ಇದೇ ಗತಿ. ಪರದೆಯ ಕೆಳಗೆ ಸಣ್ಣಕ್ಷರದಲ್ಲಿ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಬರೋದು. ಮೊದಲೆಲ್ಲ ಈ ಪರದೆ ನೀಲಿ ಇರ್ತಿತ್ತು, ನೋಡೋಕಾದ್ರೂ ಚೆನ್ನಾಗಿತ್ತು. 2025ರಲ್ಲಿ ಅದನ್ನೂ ಕಪ್ಪು ಮಾಡಿಬಿಟ್ಟರು. ಈಗ ಕರೆಂಟ್ ಹೋಯ್ತೋ ಕಂಪ್ಯೂಟರ್ ಹೋಯ್ತೋ ಅಂತ ಫ್ಯಾನ್ ನೋಡಿ ತಿಳ್ಕೋಬೇಕು.

ಅಪ್‌ಗ್ರೇಡಿಗೆ ಬಾಯಿಗೆ ಬಂದಂತೆ ಬೈದು, ವಾಪಸ್ ಹಳೇದಕ್ಕೇ ಹೋಗೋಣ ಅಂತ ಸೆಟ್ಟಿಂಗ್ಸ್ ತೆಗೆದೆ. ಹಿಂದಕ್ಕೆ ಹೋಗೋಕೆ ಹತ್ತು ದಿನ ಅವಕಾಶವಂತೆ. ಆವತ್ತು ಹನ್ನೆರಡನೇ ದಿನ.

ಹಿರಿಯರಿಗೆ ಮೂರು ದಿನ ಬಿಟ್ಟು ಬನ್ನಿ ಅಂದೆ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆ ಮಾಡಿದೆ. ಅದು ರೀಸ್ಟಾರ್ಟ್ ಆಗಿ, ಏನೇನೋ ಎಣಿಸಿ, ಮೂಲೆಯಲ್ಲಿ ಒಂದು ಕ್ಷಣ ಫಲಿತಾಂಶ ತೋರಿಸಿ ಮಾಯ. ಏನೂ ತೊಂದರೆ ಇಲ್ಲವಂತೆ. ಸಂಬಂಧಿಕರ ಮನೆಯಲ್ಲಿ ಹುಡುಗನ ಬಗ್ಗೆ ವಿಚಾರಿಸಿದ ಹಾಗಾಯ್ತು.

ರಾತ್ರಿ ಮೆಮ್‌ಟೆಸ್ಟ್86+ ಅನ್ನೋ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ ಮನೆಗೆ ಹೋದೆ. ಇದಕ್ಕೆ ವಿಂಡೋಸ್ ಏಳೋದೇ ಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಪರದೆ ತುಂಬ ಕೆಂಪು ಸಾಲು. ಆಗ ಸ್ವಲ್ಪ ನಾಚಿಕೆ ಆಯಿತು. ವಿಂಡೋಸ್ ಮಲಗಿದ್ದಾಗಲೂ ತಪ್ಪು ನಡೀತಿದೆ ಅಂದಮೇಲೆ ಹನ್ನೆರಡು ದಿನ ನಾನು ಬೈದದ್ದು ಯಾರಿಗೆ?

ಹಾಗಾದ್ರೆ ಹೊಸ ಸ್ಟಿಕ್ಕೇ ಕೆಟ್ಟದ್ದು ಅಂತ ಬಿಲ್ ಹುಡುಕಿ ಇಟ್ಟುಕೊಂಡೆ. ಆದರೆ ಹೊಸದನ್ನ ಬೋರ್ಡಿನ ಮೊದಲ ಸ್ಲಾಟಿಗೆ, ಅಂದ್ರೆ ಸ್ಟಿಕ್ ಕೂರಿಸೋ ಸಂದಿಗೆ, ಹಾಕಿದರೆ ಒಂದೂ ತಪ್ಪಿಲ್ಲ. ಅದೇ ಸ್ಲಾಟಿನಲ್ಲಿ ಹಳೇದೂ ಚಿನ್ನದಂಥದ್ದು. ಹಳೇದನ್ನ ಎರಡನೇ ಸ್ಲಾಟಿಗೆ ಹಾಕಿದೆ ನೋಡಿ, ಕೆಂಪು!

ಮೊಬೈಲ್ ಟಾರ್ಚ್ ಬಿಟ್ಟು ಎರಡನೇ ಸ್ಲಾಟಿಗೆ ಕಣ್ಣು ಹಚ್ಚಿದೆ. ಸಣ್ಣ ಸಣ್ಣ ಬಂಗಾರದ ಹಲ್ಲುಗಳ ಸಾಲು. ನಡುವೆ ಒಂದು ಕಡೆ ಏನೋ ಹಳದಿ. ಗುಂಡುಸೂಜಿ ತಗೊಂಡವನು ಬುದ್ಧಿ ಬಂದು ಬಿಟ್ಟೆ, ಹಲ್ಲು ಬಾಗಿದರೆ ಬೋರ್ಡೇ ಹೋಗುತ್ತೆ. ಮಗಳ ಡ್ರಾಯಿಂಗ್ ಬ್ರಷ್ ತಂದು ಕೆದಕಿದೆ. ಬೆರಳಿಗೆ ಹಚ್ಚಿ ಮೂಸಿದೆ. ಪುಟಾಣಿ ಹಿಟ್ಟು.

ಖಾರ ಮಂಡಕ್ಕಿ ಮೇಲೆ ಉದುರಿಸ್ತಾರಲ್ಲ, ಅದೇ. ರ‍್ಯಾಮ್ ಹಾಕಿದ ದಿನ ಕ್ಯಾಬಿನೆಟ್ಟನ್ನ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟುಕೊಂಡು, ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಎಂಟು ಜಿಬಿ ಹಿಡಿದಿದ್ದ ಮಹಾನುಭಾವ ನಾನೇ. ಸ್ಟಿಕ್ಕಿನ ಕಾಲಿಗೂ ಎಣ್ಣೆ ಬೆರಳಿನ ಗುರುತಿತ್ತು. ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಅದರ ಪುಡಿ ಸ್ಲಾಟಿಗೆ ಬೀಳದಂತೆ ದೂರ ಹೋಗಿ. ಮತ್ತೆ ರಾತ್ರಿಯಿಡೀ ಓಡಿಸಿದೆ. ಕೆಂಪು ಒಂದೂ ಇಲ್ಲ. ಮನೆಯಲ್ಲಿ "ಏನಾಗಿತ್ತಂತೆ?" ಅಂದರು. "ಲೂಸ್ ಕಾಂಟ್ಯಾಕ್ಟ್" ಅಂದೆ. ಸುಳ್ಳಲ್ಲ, ಅಲ್ವಾ?

ಮೂರನೇ ದಿನ ಹಿರಿಯರು ಬಂದರು. ಸ್ಟೂಲನ್ನ ಪರದೆ ಹತ್ತಿರಕ್ಕೇ ಎಳೆದುಕೊಂಡು ಕೂತರು. 38 ಆಯಿತು. ನಾನು ಸೇವ್ ಒತ್ತಿದೆ. ಅವರು ಕನ್ನಡಕ ಏರಿಸಿದರು. ಷಡ್ಡಕರ ಹೆಸರು ಇನಿಷಿಯಲ್ ಸಮೇತ, ಊರಿನ ಸಮೇತ ಪೂರ್ತಿ ಬಿತ್ತು. ಪರದೆ ಬೆಳ್ಳಗೇ ಇತ್ತು.

ಹಿರಿಯರ ಮುಖ ಸಣ್ಣಗಾಯಿತು.

"ಇನ್ನೊಂದ್ಸಲ ಹೊಡೀರಿ, ನೋಡಾಣ," ಅಂದರು.